ಸುಣ್ಣದಡಿಯ ನೀರು

ನೀರು ನಿಂತ ಗುರುತು ತೋರಿಸಿ ಎಂದು ಸಹಕಾರ ಸಂಘದ ನಿರ್ದೇಶಕರು ಕೇಳಿದಾಗ ಚಿಕ್ಕಲಕ್ಷ್ಮಮ್ಮ ಬೆಳ್ಳಗಿನ ಗೋಡೆಯತ್ತ ನೋಡಿದಳು. ಆ ಗುರುತನ್ನು ಅವಳೇ ಕೈಯಾರೆ ಅಳಿಸಿದ್ದಳು.

ತಿಂಗಳ ಹಿಂದೆ ಕೆಂಗೇರಿ ಹಳೇ ಊರಿನಲ್ಲಿ ಮೋರಿ ಉಕ್ಕಿ ಅವಳ ಮನೆಯೊಳಗೆ ಸೊಂಟದ ಮಟ್ಟ ನೀರು ನಿಂತಿತ್ತು. ನೀರು ಎರಡೇ ದಿನಕ್ಕೆ ಇಳಿಯಿತು. ಹಿಂದಿನ ಗೋಡೆ ಮಾತ್ರ ಅಂದಿನಿಂದ ಸ್ವಲ್ಪ ಸ್ವಲ್ಪವೇ ಹೊರಕ್ಕೆ ವಾಲುತ್ತಿತ್ತು. ಸಹಕಾರ ಸಂಘದಲ್ಲಿ ಸಾಲ ಕೇಳೋಣವೆಂದರೆ ಮನೆಗೆ ಬೆಲೆ ಕಟ್ಟಿದ ಇಂಜಿನಿಯರನ ವರದಿ ಬೇಕು. ಮೋರಿ ಪಕ್ಕದ ವಾಲಿದ ಮನೆಗೆ ಯಾವ ಇಂಜಿನಿಯರ್ ಬೆಲೆ ಕಟ್ಟಿಯಾನು? ಅಷ್ಟರಲ್ಲಿ ಸಂಘ ಒಂದು ಠರಾವು ಮಾಡಿತು. ನೀರು ನುಗ್ಗಿದ ಮನೆಗಳ ರಿಪೇರಿ ಸಾಲಕ್ಕೆ ವರದಿ ಬೇಡ, ನಿರ್ದೇಶಕರೊಬ್ಬರು ಬಂದು ಗೋಡೆಯ ಮೇಲಿನ ಗುರುತು ನೋಡಿ ಸಹಿ ಹಾಕಿದರೆ ಸಾಕು. ಅದಕ್ಕೆ ಇವತ್ತೇ ಕೊನೆಯ ದಿನ.

ಆದರೆ ಠರಾವಿನ ಸುದ್ದಿಗಿಂತ ಮೊದಲು ಮಹಾಲಯ ಅಮಾವಾಸ್ಯೆ ಬಂದಿತ್ತು. ತೀರಿಹೋದ ಗಂಡನಿಗೆ, ಅತ್ತೆ ಮಾವನಿಗೆ ಎಡೆ ಇಡಬೇಕು. ಮೋರಿ ನೀರು ಮುಟ್ಟಿದ ಗೋಡೆಯ ಮುಂದೆ ಹಿರಿಯರನ್ನು ಊಟಕ್ಕೆ ಕರೆಯುವುದು ಹೇಗೆ? ಮಗಳು ಕುಸುಮಾ ಒಣಗಲಿ ತಡಿಯಮ್ಮ ಎಂದರೂ ಕೇಳದೆ ಮನೆಗೆಲ್ಲ ಎರಡು ಸಲ ಸುಣ್ಣ ಬಳಿದಿದ್ದಳು.

ನೋಡಲು ಬಂದ ಏಕಾಂತಯ್ಯ ಸಂಘದ ನಿರ್ದೇಶಕರು, ಮೂವತ್ತು ವರ್ಷ ಮನೆ ಕಟ್ಟಿಸಿದ ಕಂಟ್ರಾಕ್ಟರು. ಒಳಗೆಲ್ಲ ಕಣ್ಣಾಡಿಸಿ ನಕ್ಕರು.

"ಏನಮ್ಮ, ಮದುವೆ ಮನೆ ಇದ್ದಂಗಿದೆ. ಇಲ್ಲಿಗೆ ನೀರು ಬಂದಿತ್ತು ಅಂತ ನಾನು ಹೆಂಗೆ ಬರೀಲಿ?"

ಬೀದಿಯವರನ್ನು ಕೇಳಿ ಎಂದಳು. ಕಾಲಿಗೆ ಹನಿ ನೀರು ತಾಕದವರೂ ಸಾಕ್ಷಿ ಕರೆತಂದು ಸಾಲ ಕೇಳಿದ್ದಾರೆ, ಅದಕ್ಕೇ ಕಣ್ಣಾರೆ ನೋಡಬೇಕೆಂದು ಬರೆದಿರುವುದು ಎಂದು ಅವರು ಫಾರಂ ಮಡಚಿದರು.

ಚಿಕ್ಕಲಕ್ಷ್ಮಮ್ಮ ಅಡುಗೆಮನೆಗೆ ಓಡಿ ದೋಸೆ ಮಗುಚುವ ಕೈ ತಂದಳು. ಹಿಂದಿನ ಗೋಡೆಯ ಸುಣ್ಣ ಕೆರೆಯತೊಡಗಿದಳು. ಪುಡಿ ಕಣ್ಣಿಗೆ ಬಿತ್ತು, ಬೆರಳು ತರಚಿತು, ನಿಲ್ಲಿಸಲಿಲ್ಲ. ಸೊಂಟದ ಮಟ್ಟದಲ್ಲಿ ಕಂದು ಗೆರೆ ಕಂಡಿತು.

"ನೋಡಿ ಸಾರ್, ನೋಡಿ."

ಅದೇ ಹೊತ್ತಿಗೆ ಗಾರೆ ಒಂದು ಮೊರದಗಲ ಕಳಚಿ ಅವಳ ಕಾಲ ಮೇಲೆ ಬಿತ್ತು. ಏಕಾಂತಯ್ಯ ಒಳಗಿನ ಇಟ್ಟಿಗೆಗೆ ಬೆರಳಿಟ್ಟರು. ನೆನೆದ ಬಿಸ್ಕತ್ತಿನಂತೆ ಉದುರಿತು. ಅವರ ಮುಖದ ನಗು ಹೋಯಿತು.

ಫಾರಂನಲ್ಲಿ ಎರಡನೇ ಪ್ರಶ್ನೆಯೊಂದಿತ್ತು. ಮನೆ ವಾಸಕ್ಕೆ ಯೋಗ್ಯವೇ? ಅಲ್ಲ ಎಂದು ಬರೆದರೆ ಕಾಗದ ಮತ್ತೆ ಇಂಜಿನಿಯರನ ಬಳಿಗೇ ಹೋಗುತ್ತದೆ. ಅದನ್ನು ಅವರು ಮುಚ್ಚಿಡದೆ ಹೇಳಿದರು.

ಅವಳು ಕೈ ಮುಗಿದಳು. "ಯೋಗ್ಯ ಅಂತ ಬರೀರಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ. ಇದು ಬಿದ್ರೆ ನಾನು ಆ ಹುಡುಗೀನ ಎಲ್ಲಿ ಮಲಗಿಸ್ಲಿ?"

"ಈಗೆಲ್ಲಿ ಮಲಗ್ತೀರಿ?"

ಅವಳು ತಿರುಗಿ ನೋಡಿದಳು. ಆ ಗೋಡೆಗೆ ಒತ್ತಿಕೊಂಡೇ ಮಂಚವಿತ್ತು.

ಏಕಾಂತಯ್ಯ ಮಂಚದ ತನಕ ಹೋಗಿ ನಿಂತರು. ಹಿಂದೊಮ್ಮೆ ತಾವು ಕಟ್ಟಿಸಿದ ಗೋಡೆಯೊಂದು ಬಿದ್ದು ಕೂಲಿಯವನೊಬ್ಬ ಸತ್ತಿದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಷರಟಿನ ತೋಳು ಮಡಚಿದರು.

"ಮುಂದಿನ ಕೋಣೆ ಗಟ್ಟಿ ಇದೆ, ಅದು ವಾಸಕ್ಕೆ ಯೋಗ್ಯ ಅಂತ ಬರೀತೀನಿ, ಸುಳ್ಳಲ್ಲ. ಆದ್ರೆ ಸಾಲದ ದುಡ್ಡಲ್ಲಿ ಈ ಗೋಡೆಗೆ ಗಾರೆ ಮೆತ್ತೋ ಹಂಗಿಲ್ಲ. ಕೆಡವಿ ಕಟ್ಟಿಸ್ಬೇಕು. ಒಂದು ಕೋಣೆ ಮಾತ್ರ ಯೋಗ್ಯ ಅಂದ್ರೆ ಸಂಘದವರು ಒಪ್ತಾರೋ ಇಲ್ವೋ, ಅದು ನನ್ನ ಕೈಲಿಲ್ಲ. ಮೊದ್ಲು ಆ ಕಡೆ ಹಿಡ್ಕೊಳ್ಳಿ."

ಇಬ್ಬರೂ ಮಂಚ ಎತ್ತಿದರು. ಬಾಗಿಲಲ್ಲಿ ಅದು ಸಿಕ್ಕಿಕೊಂಡಿತು. ಓರೆ ಮಾಡಿ, ಎಳೆದು, ಮುಂದಿನ ಕೋಣೆಗೆ ತಂದು ಇಳಿಸಿದ ಮೇಲೆಯೇ ಏಕಾಂತಯ್ಯ ಅದರ ಮೇಲೆ ಕುಳಿತು ಸಹಿ ಹಾಕಿದರು.