ಹುಲ್ಲಿನ ಪಾಕ

"ಬಾಯಿ ತಗೀಬೇ ರಂಡಿ! ಗಂಡನ ಕೂಡ ನಾಲಿಗೀನೂ ಮಣ್ಣಾಗ ಇಟ್ಟ ಬಂದೀಯೇನು?"

ಭಟ್ಟಿಯ ಧಣಿ ತಾತ್ಯಾಸಾಹೇಬರು ಮೂಗಿಗೆ ಧೋತರದ ಚುಂಗು ಹಿಡಿದು ದೂರದಿಂದಲೇ ಒದರಿದರು. ಸತ್ಯವ್ವ ಕುದಿಯುವ ಕೊಪ್ಪರಿಗೆಯ ಪಕ್ಕ ತೆಂಗಿನ ಕರಟ ಹಿಡಿದು ನಿಂತಿದ್ದಳು.

ಗಲಗಲಿಯ ಹೊಳೆದಂಡೆಯ ಹುಲ್ಲು ಕೊಯ್ದು, ಕೊಚ್ಚಿ, ತೇಜಾಬು ಎಂಬ ಸುಡುವ ಆಮ್ಲದ ನೀರಿನಲ್ಲಿ ಕುದಿಸಿದರೆ ಅದು ಸಕ್ಕರೆ ಬಿಡುತ್ತದೆ. ಸುಣ್ಣ ಹಾಕಿ ತೇಜಾಬನ್ನು ಸಾಯಿಸಿ, ಆ ಪಾಕವನ್ನು ಹುಳಿಗಿಟ್ಟು ಭಟ್ಟಿ ಇಳಿಸಿದರೆ ಮೋಟಾರು ಓಡಿಸುವ ಸ್ಪಿರಿಟ್ಟು. ಇಷ್ಟನ್ನು ಸಾಹೇಬರು ಮುಂಬಯಿಯಲ್ಲಿ ಕಲಿತು ಬಂದಿದ್ದರು. ಹೊಲಗೇರಿಯಲ್ಲಿ ಒಂದು ಮಡಕೆ ಸಾರಾಯಿ ಸಿಕ್ಕರೆ ಹೆಡೆಮುರಿ ಕಟ್ಟಿ ಬೀಳಗಿ ಠಾಣೆಗೆ ಎಳೆದೊಯ್ಯುವ ಪೊಲೀಸರು ಈ ಕೊಪ್ಪರಿಗೆಗೆ ಸಲಾಮು ಹೊಡೆದು ಹೋಗುತ್ತಿದ್ದರು. ಇದಕ್ಕೆ ಸರಕಾರದ ಪರವಾನಗಿ ಇತ್ತು.

ತೇಜಾಬು ಸತ್ತಿತೋ, ಸಿಹಿ ಬಂತೋ ನೋಡಲು ಒಂದು ನಾಲಿಗೆ ಬೇಕಿತ್ತು. ಸತ್ಯವ್ವನ ಗಂಡ ಗೂಳಪ್ಪನದು ಸಿಕ್ಕಿತು. ಹೊಲೆಯನ ಎಂಜಲಾದರೂ ಚಿಂತೆಯಿಲ್ಲ, ಕುಡಿಯುವುದು ಮೋಟಾರು ತಾನೇ! ಬಾಯಿ ಉರಿದರೂ ಅವನು "ಸಿಹಿ ಐತ್ರಿ" ಎನ್ನುತ್ತಿದ್ದ, ಹೆದರಿ. ಮೊದಲು ತುಟಿ ಬೆಳ್ಳಗಾಯಿತು, ಆಮೇಲೆ ಹಲ್ಲು ಸವೆದವು. ಕಡೆಗೆ ನೆನೆಸಿದ ರೊಟ್ಟಿಯನ್ನೂ ನುಂಗಲಾರದೆ, ರಕ್ತ ಕಾರಿಕೊಂಡು ಹೋದ.

ಹೋದವನು ಹೋಗಿರಲಿಲ್ಲ. ಅವನ ಕರಟ ಈಗ ಸತ್ಯವ್ವನ ಕೈಗೆ ಬಂದಿತ್ತು; ಕೊಪ್ಪರಿಗೆಯ ಹತ್ತಿರ ಬಂದಾಗಲೆಲ್ಲ ಅವಳಿಗೆ ಯಾರೋ ಥೂ, ಥೂ ಎಂದು ಉಗುಳುವುದು ಕೇಳುತ್ತಿತ್ತು. ಹುಲ್ಲು ಕುದಿಯುವ ಸಪ್ಪಳವಿರಬೇಕು ಅಂತ ಉಳಿದವರು ಹೇಳಿದರು. ಕಟ್ಟಿಕೊಂಡವನ ಉಗುಳು ಅವಳಿಗೆ ಗೊತ್ತಾಗುವುದಿಲ್ಲವೇ? ಅವಳಿಗೆ ಜೀವವೇ ಹಾರಿಹೋಗುತ್ತಿತ್ತು.

ಇವತ್ತು ಪರೀಕ್ಷೆಗೆ ಬಂದ ಮುಂಬಯಿಯ ಅಧಿಕಾರಿ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ.

"ಪಾಕ ಆಗೇತ್ರಿ, ಕಬ್ಬಿನ ಹಾಲು ಆದಂಗ ಆಗೇತಿ," ಎಂದು ಅವನಿಗೆ ಹಲ್ಲು ಕಿರಿದ ತಾತ್ಯಾಸಾಹೇಬರು ಇತ್ತ ತಿರುಗಿದರು. "ಕುಡದು ಹೇಳಬೇ ಹೊಲತಿ! ಇಲ್ಲಂದ್ರ ನಾಳಿಗೆ ನಿನ್ನ ಗುಡಸಲಾ ಕಿತ್ತಿಸಿ ಒಗಸ್ತೀನಿ. ಜಾಗಾ ನಂದು."

ಸತ್ಯವ್ವ ಕರಟ ಅದ್ದಿ ತುಟಿಯವರೆಗೆ ಒಯ್ದಳು. ಬೆನ್ನ ಹಿಂದೆಯೇ ಉಗುಳಿದ ಸದ್ದು. ತಿರುಗಿದಳು, ಯಾರೂ ಇಲ್ಲ. ಇಷ್ಟು ದಿನ ಅವನಿಗೆ ಹೆದರಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಪಾಪ, ಅವನು ಕುಡಿಯಬೇಡ ಅನ್ನುತ್ತಿದ್ದ.

ಕರಟ ಹಿಡಿದುಕೊಂಡೇ ಅವಳು ಕುರ್ಚಿಯ ಪಕ್ಕ ನಿಂತ ತಾತ್ಯಾಸಾಹೇಬರ ಕಡೆ ನಡೆದಳು. ಕೇರಿಯವರು ಯಾರೂ ಅಷ್ಟು ಹತ್ತಿರ ಹೋದದ್ದಿಲ್ಲ.

"ಕಬ್ಬಿನ ಹಾಲಂದ್ರೆಲ್ರಿ. ತಗೋರಿ, ನೀವ ಕುಡೀರಿ."

"ಏ! ಮುಟ್ಟಬ್ಯಾಡ! ಹಿಂದಕ ಸರಿ!" ತಾತ್ಯಾಸಾಹೇಬರು ಚೀರಿದರು.

"ನಾ ಎಲ್ಲಿ ಮುಟ್ಟೇನ್ರಿ? ನನ್ನ ಗಂಡ ಕೊಡಾಕತ್ತಾನ."

ಕರಟವನ್ನು ಅಲ್ಲೇ, ಅವರ ಕಾಲ ಬಳಿ ಬೋರಲು ಹಾಕಿದಳು. ನೆಲದ ಸುಣ್ಣಗಲ್ಲು ಬುಸ್ಸೆಂದು ಬಿಳಿ ನೊರೆ ಕಾರಿತು; ತೇಜಾಬು ಇನ್ನೂ ಸತ್ತಿರಲಿಲ್ಲ. ಅಧಿಕಾರಿ ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡ.

"ಸಿಹಿ ಐತ್ರಿ," ಎನ್ನುತ್ತ ಸತ್ಯವ್ವ ಕೊಪ್ಪರಿಗೆಗೆ ಹೋಗಿ ಕರಟ ಮತ್ತೆ ತುಂಬಿ ಅವರ ಕಡೆ ತಿರುಗಿದಳು.