ಕಪ್ಪಿನೊಳಗಿನ ಕೈ

‘ಕಪ್ಪು ಅಂದ್ರೆ ಇದು ನೋಡಿ ಅಕ್ಕಾ, ಬಾವಿಗೆ ಇಣುಕಿದ ಹಾಗೆ,’ ಎಂದ ಟೀವಿ ಅಂಗಡಿಯ ಮಾರಾಟದವನು.

ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಸಲ ರೆಕ್ಕೆ ಬಿಚ್ಚುತ್ತಿತ್ತು. ಓಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಬಿಡುವುದಿಲ್ಲ, ಒಂದೊಂದು ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತದೆ, ಆರಿದ ಕಡೆ ಅಪ್ಪಟ ಕಪ್ಪು ಎಂದು ಅವನು ವಿವರಿಸಿದ. ಪಕ್ಕದ ಕ್ಯೂಎಲ್‌ಇಡಿಯಲ್ಲಿ ಬೆಳಕು ಜಾಸ್ತಿ, ಬಣ್ಣ ಜಾಸ್ತಿ. ಮೂಲೆಯಲ್ಲಿದ್ದ ಸಾದಾ ಎಲ್‌ಇಡಿಯನ್ನು ತೋರಿಸಲು ಅವನಿಗೇ ನಾಚಿಕೆ. ‘ಅದ್ರಲ್ಲಿ ಕಪ್ಪು ಬೂದಿ ಥರ ಕಾಣತ್ತೆ. ಬಿಡಿ, ನಿಮಗ್ಯಾಕೆ ಅದು.’

ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. ‘ಗಿಳಿ ಸಾಕಪ್ಪಾ. ಇದನ್ನ ಹಾಕು.’

ಅದರಲ್ಲಿದ್ದದ್ದು ಬಟ್ಟೆ ಗಿರಣಿಯ ಕ್ಯಾಮೆರಾ ಹಿಡಿದ ನಾಲ್ಕು ನಿಮಿಷ. ಆರು ವಾರದ ಹಿಂದೆ ಅವಳ ಗಂಡ ಬಣ್ಣದ ಕೊಳಚೆ ತೊಟ್ಟಿಗೆ ಇಳಿದವನು ಜೀವಸಹಿತ ಮೇಲೆ ಬರಲಿಲ್ಲ. ‘ಬೇಡ ಅಂತ ಕೈ ಬೀಸಿದೆ, ಕೇಳಲಿಲ್ಲ,’ ಎಂದು ಮೇಸ್ತ್ರಿ ಬರೆದುಕೊಟ್ಟ. ಮಾತು ಕೇಳದೆ ಸತ್ತವನಿಗೆ ಪರಿಹಾರವಿಲ್ಲ ಎಂದು ಗಿರಣಿ ಬರೆದುಕೊಟ್ಟಿತು. ಮೇಸ್ತ್ರಿ ನಿಂತಿದ್ದ ಜಾಗ ಮೆಟ್ಟಿಲ ಕೆಳಗಿನ ನೆರಳು. ವಿಚಾರಣೆಯ ಸಾಹೇಬರು ತಮ್ಮ ಕೋಣೆಯ ಪರದೆಯ ಮೇಲೆ ಮೂರು ಸಲ ಹಾಕಿ ನೋಡಿದರು. ‘ಕತ್ತಲೆ ಬಿಟ್ಟು ಏನಿದೆಯಮ್ಮಾ ಇಲ್ಲಿ? ಕಾಣೋ ಟೀವಿ ಇದ್ರೆ ನೀನೇ ಹೊತ್ಕೊಂಡು ಬಾ,’ ಎಂದರು. ಗುಮಾಸ್ತ ನಕ್ಕ. ಅವಳು ಅದನ್ನು ಆದೇಶವೆಂದೇ ತೆಗೆದುಕೊಂಡು ಹೊಲಿಗೆ ಯಂತ್ರ ಮಾರಿ ಬಂದಿದ್ದಳು. ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ವಿಚಾರಣೆ. ಆಮೇಲೆ ಕಡತ ಮುಚ್ಚುತ್ತದೆ.

‘ಒಳ್ಳೇ ಟೀವಿ ಒಂದಿದ್ರೆ ಸಾಕು ಅತ್ತಿಗೆ, ಯಾರ ಬಾಯಿನೂ ಬೇಕಾಗಲ್ಲ,’ ಎಂದು ಧೈರ್ಯ ತುಂಬಿ ಜೊತೆಗೆ ಬಂದವನು ಮೈದುನ. ಅದೇ ಗಿರಣಿಯಲ್ಲಿ ಮಗ್ಗ ನಡೆಸುವವನು.

ಮಗ್ಗಗಳ ಅಬ್ಬರದಲ್ಲಿ ಅಲ್ಲಿ ಬಾಯಿ ಮಾತು ನಡೆಯುವುದಿಲ್ಲ. ಎಲ್ಲವೂ ಕೈಸನ್ನೆ. ನೂಲು ಹರಿಯಿತು, ನೀರು ಬೇಕು, ಮುದುಕ ಮಾಲೀಕ ಬರ್ತಿದ್ದಾನೆ ಹುಷಾರು, ಎಲ್ಲದಕ್ಕೂ ಒಂದೊಂದು ಬೆರಳಿದೆ. ಅವಳೂ ನೂಲು ಸುತ್ತುವ ಕಡೆ ಹನ್ನೊಂದು ವರ್ಷ ದುಡಿದವಳು. ಜೋಡಿಸಿದ ಎರಡು ಬೆರಳನ್ನು ಎರಡು ಸಲ ಕೆಳಕ್ಕೆ ಝಾಡಿಸಿದರೆ ‘ಇಳಿ’ ಎಂದರ್ಥ. ಅಂಗೈ ಎತ್ತಿ ಅಡ್ಡ ಆಡಿಸಿದರೆ ‘ಬೇಡ’. ನೆರಳಿನಲ್ಲಿ ಆ ಕೈ ಯಾವುದನ್ನು ಮಾಡಿತು ಎಂಬುದಷ್ಟೇ ಅವಳಿಗೆ ಬೇಕಿತ್ತು.

ಓಎಲ್‌ಇಡಿಯಲ್ಲಿ ಮೆಟ್ಟಿಲ ಕೆಳಗೆ ಬಾವಿಯಂಥ ಕಪ್ಪು. ‘ಹೇಗಿದೆ?’ ಎಂದು ಮಾರಾಟದವನು ಬೀಗಿದ. ಮೇಸ್ತ್ರಿಗೆ ಇಷ್ಟು ದಪ್ಪ ಕಂಬಳಿಯನ್ನು ಗಿರಣಿಯೂ ಹೊದಿಸಿರಲಿಲ್ಲ. ಕ್ಯೂಎಲ್‌ಇಡಿಯಲ್ಲಿ ಛಾವಣಿಯ ದೀಪ ಸೂರ್ಯನಾಯಿತು, ಗಂಡನ ಮಾಸಿದ ಅಂಗಿ ಹೊಸದಾಯಿತು, ನೆರಳು ನೆರಳಾಗಿಯೇ ಉಳಿಯಿತು. ಇದೇ ಕೊನೆಯದೇನೋ ಎಂಬಂತೆ ಅವಳು ಒಂದೊಂದನ್ನೂ ನೋಡಿದಳು. ಆಮೇಲೆ ಹೊಳೆಯಿತು, ನೆರಳಿನೊಳಗಿನದು ಕಾಣಲು ಬೇಕಾದದ್ದು ಗಟ್ಟಿ ಕಪ್ಪಲ್ಲ, ಬೂದು ಕಪ್ಪು. ಬೂದು ಹೊಡೆದ ಕಪ್ಪು ಬಟ್ಟೆಯನ್ನು ಗಿರಣಿಯಲ್ಲಿ ವಾಪಸ್ ಎಸೆಯುತ್ತಾರೆ. ಆ ರೂಢಿಯಲ್ಲೇ ಅವಳು ಅಂಗಡಿಗೆ ಕಾಲಿಟ್ಟೊಡನೆ ‘ಎಲ್ಲಕ್ಕಿಂತ ಗಟ್ಟಿ ಕಪ್ಪು ಯಾವುದ್ರಲ್ಲಿದೆ’ ಎಂದು ಕೇಳಿದ್ದಳು. ಒಂದೂವರೆ ಗಂಟೆ ಆ ಕಪ್ಪಿನ ಹಿಂದೆಯೇ ಹೋಗಿತ್ತು.

‘ಆ ಮೂಲೇದು ಹಾಕು.’

‘ಅದು ಬೇಡ ಅಂದ್ನಲ್ಲ ಅಕ್ಕಾ.’

‘ಹಾಕಪ್ಪಾ. ಬೆಳಕು ಏರಿಸು.’

‘ಚಿತ್ರ ಕೆಡತ್ತೆ.’

‘ಕೆಡಿಸು.’

ಗಿರಾಕಿಯ ಕಣ್ಣು ಕೋರೈಸಲೆಂದು ಅಂಗಡಿಯಲ್ಲಿ ಇಟ್ಟಿದ್ದ ಗಾಢ ಬಣ್ಣವನ್ನೆಲ್ಲ ಅವನು ತೆಗೆದ, ಬೆಳಕನ್ನು ತುದಿಯವರೆಗೆ ಏರಿಸಿದ. ಚಿತ್ರ ನೀರು ಬೆರೆಸಿದ ಹಾಲಿನಂತಾಯಿತು. ಮೆಟ್ಟಿಲ ಕೆಳಗೆ ಬೂದು ಕದಡಿ ಒಬ್ಬ ಮನುಷ್ಯ ಮೂಡಿದ. ಬೋಳು ತಲೆ, ಎತ್ತಿದ ಕೈ. ಜೋಡಿಸಿದ ಎರಡು ಬೆರಳು. ಕೆಳಕ್ಕೆ, ಮತ್ತೆ ಕೆಳಕ್ಕೆ. ಗಂಡ ಆ ಕೈಯನ್ನು ನೋಡಿ ತಲೆಯಾಡಿಸಿ ತೊಟ್ಟಿಯ ಕಡೆ ಹೋದ.

ಅವಳು ಪರದೆಯ ಮೇಲೆ ಬೆರಳಿಟ್ಟಳು. ‘ಕಂಡ್ಯೇನಪ್ಪಾ? ಏನ್ ಹೇಳ್ತಿದ್ದಾನೆ ಅವನು?’

ಮಾರಾಟದವನು ಹತ್ತಿರ ಬಗ್ಗಿ ನೋಡಿದ. ‘ಆಚೆ ಹೋಗು ಅಂತಿದ್ದಾರೆ ಅಲ್ವಾ? ಬೇಡ, ನಡಿ ಅಂತ ಕೈ ಝಾಡಿಸ್ತಿದ್ದಾರೆ.’

ಇನ್ನೊಮ್ಮೆ ಹಾಕಿಸಿದಳು. ಇನ್ನೊಮ್ಮೆಯೂ ಅವನು ಅದನ್ನೇ ಹೇಳಿದ, ಪಾಪ, ಕಂಡದ್ದನ್ನು ಹೇಳಿದ. ಸಾಹೇಬರಿಗೂ ಇದೇ ಕಾಣುತ್ತದೆ. ಸನ್ನೆ ಓದಲು ಬರುವವರು ಬೇಕು ಎಂಬುದು ಅವಳಿಗೆ ಇಷ್ಟು ದಿನ ತೋಚಿರಲಿಲ್ಲ. ಆ ಬೆರಳು ಅವಳ ಪಾಲಿಗೆ ಬಾಯಷ್ಟೇ ಸ್ಪಷ್ಟವಿತ್ತು. ಅವಳ ಮಾತೂ ನಡೆಯುವುದಿಲ್ಲ, ಹೆಂಡತಿ ಸಾಕ್ಷಿಯಾಗಲಾರಳು ಎಂದು ಮೊದಲ ದಿನವೇ ಬರೆದುಕೊಂಡಿದ್ದರು.

ಮೈದುನ ಟೀವಿ ಬಿಟ್ಟು ಅದರ ಕೆಳಗಿನ ಬೆಲೆಚೀಟಿ ಓದುತ್ತಿದ್ದ.

‘ನಿನಗೇನು ಕಾಣ್ತು?’

‘ಇಳಿ ಅಂದ.’

‘ಮೂರು ಗಂಟೆಗೆ ಇಷ್ಟೇ ಹೇಳು.’

‘ರಾತ್ರಿ ಪಾಳಿಗೆ ಅವನ ಕೈಕೆಳಗೇ ನಿಲ್ಲಬೇಕು ಅತ್ತಿಗೆ. ನಾಳೆ ನನಗೂ ಅದೇ ಬೆರಳು ತೋರಿಸಿದ್ರೆ?’

‘ತೋರಿಸ್ತಾನೆ. ಬಾಯಿ ಮುಚ್ಕೊಂಡಿದ್ರೂ ತೋರಿಸ್ತಾನೆ. ನಿಮ್ಮಣ್ಣ ಏನು ಬಾಯಿ ಮಾಡಿದ್ನಾ?’

ಅವನು ಮತ್ತೆ ಬೆಲೆಚೀಟಿಯ ಕಡೆ ತಿರುಗಿದ. ‘ಟೀವಿ ಬಾಗಿಲವರೆಗೂ ಹೊತ್ಕೊಡ್ತೀನಿ. ಒಳಗೆ ಕರೀಬೇಡಿ.’

‘ಬಾಗಿಲವರೆಗೆ ಗಾಡಿಯವನೂ ತರ್ತಾನೆ ಕಣಪ್ಪಾ. ಓದೋರಿಲ್ಲದೆ ಇದನ್ನ ಒಳಗಿಟ್ರೆ ಇದು ಮೇಸ್ತ್ರಿ ಕಡೆ ಸಾಕ್ಷಿ.’

ಮಾರಾಟದವನು ಇಬ್ಬರ ಮುಖ ನೋಡಿದ. ‘ಪ್ಯಾಕ್ ಮಾಡೋದಾ, ಬೇಡ್ವಾ?’

‘ಹೀಗೇ ಇಟ್ಟಿರು. ಬೆಳಕು ಮುಟ್ಟಬೇಡ. ಒಬ್ಬರನ್ನ ಕರ್ಕೊಂಡು ಬರ್ತೀನಿ.’

ಗಿರಣಿ ಎರಡು ಬೀದಿ ಆಚೆ. ಅವಳು ಗೇಟು ಮುಟ್ಟುವಾಗ ಎರಡು ಗಂಟೆಯ ಪಾಳಿ ಬಿಟ್ಟಿತ್ತು. ಮುನ್ನೂರು ಜನ ಹೊರಗೆ ಬರುತ್ತಾರೆ, ಮುನ್ನೂರು ಜನಕ್ಕೂ ಆ ಬೆರಳು ಗೊತ್ತು. ಅವಳು ಮೊದಲು ತಡೆದದ್ದು ಪಕ್ಕದ ಯಂತ್ರದಲ್ಲಿ ಒಂಬತ್ತು ವರ್ಷ ಜೊತೆಗಿದ್ದ ಗೆಳತಿಯನ್ನು.

‘ಒಂದೇ ಮಾತು ಕಣೇ. ಬಂದು ಹೇಳಿ ಹೋಗು.’

‘ನನ್ನ ಯಾಕೆ ಮೊದಲು ಹಿಡಿದೆ?’ ಎಂದಳು ಗೆಳತಿ, ಅಳು ತಡೆದುಕೊಂಡು. ‘ಬೇರೆ ಯಾರಾದ್ರೂ ಬಂದ್ರೆ ನಾನೂ ಬರ್ತೀನಿ, ಆಣೆ.’

ಎರಡನೆಯವನೂ ಅದನ್ನೇ ಅಂದ, ಬೇರೆ ಯಾರಾದ್ರೂ ಬಂದ್ರೆ. ಹತ್ತನೆಯವನೂ ಅಂದ. ಯಾರೂ ಇಲ್ಲವೆನ್ನಲಿಲ್ಲ, ಯಾರೂ ನಿಲ್ಲಲಿಲ್ಲ. ಎಲ್ಲರೂ ಎರಡನೆಯವರಾಗಲು ಸಿದ್ಧರಿದ್ದರು. ಎರಡೂವರೆಯ ಹೊತ್ತಿಗೆ ಗೇಟಿನಲ್ಲಿ ಜನ ಕಡಿಮೆಯಾಗುತ್ತ ಬಂದರು. ಅವಳು ಪ್ರತಿಯೊಬ್ಬರ ತೋಳಿಗೂ ಕೈ ಹಾಕುತ್ತಲೇ ಇದ್ದಳು.