ಹಸಿರು ಆರಿದ ಬಟ್ಟಲು

ಬಟ್ಟೆ ಹೊಲಿದೇ ಬಾಳು ಸವೆಸಿದ ಅತ್ತೆಗೆ ಸೊಸೆಯ ಕೆಲಸ ತಲೆಗೆ ಹತ್ತಿದ್ದು ಜಿಪ್ಪಿನ ದೆಸೆಯಿಂದ. "ಜೀವಕೋಶದೊಳಗೆ ಜೀನು ಅಂತ ಇರುತ್ತೆ ಅತ್ತೆ. ಇಂಥದ್ದು ಮಾಡು ಅಂತ ಸುದ್ದಿ ಕಳಿಸುತ್ತೆ. ಆ ಸುದ್ದಿ ಒಂದೇ ಸಾಲು ಹಲ್ಲಿರೋ ಜಿಪ್ಪು ಅಂದ್ಕೊಳ್ಳಿ. ಎದುರು ಸಾಲಿನ ಡಿಎನ್‌ಎ ಬಂದು ಕಚ್ಚಿಕೊಂಡ್ರೆ ಮುಗೀತು, ಸುದ್ದಿಯ ಬಾಯಿ ಬಂದ್!" ಎಂದಿದ್ದಳು ಸೊಸೆ. ಆ ಎದುರು ಸಾಲನ್ನು ಹೊರಗಿನಿಂದ ಹಾಕಿದರೆ ಬೇಗ ಕರಗಿಹೋಗುತ್ತಿತ್ತು. ಜೀವಕೋಶವೇ ಅದನ್ನು ಒಳಗೆ ತಯಾರಿಸಿಕೊಳ್ಳುವಂತೆ ಮಾಡಲು ಅವಳು ವರ್ಷಗಟ್ಟಲೆ ಹೆಣಗಿದ್ದಳು. ಈ ಸಲವೂ ಆಗದಿದ್ದರೆ ಕೈಬಿಡಿ ಎಂದು ಮೇಲಿನವರು ಹೇಳಿಯಾಗಿತ್ತು.

ಭಾನುವಾರ ಮಧ್ಯಾಹ್ನ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದ ಸೊಸೆಯ ಹಿಂದೆಯೇ ಅತ್ತೆಯೂ ಹೊರಟರು. ಪ್ರಯೋಗಾಲಯದ ಕೊನೆಯ ಕೋಣೆ. ಕಿಟಕಿಗೆ ಕಪ್ಪು ಪರದೆ. ಅದರ ಅಂಚು ಸೊಟ್ಟಗೆ ಹೊಲಿದದ್ದು ಅತ್ತೆಯ ಕಣ್ಣಿಗೆ ಮೊದಲು ಬಿತ್ತು. ಸೂಕ್ಷ್ಮದರ್ಶಕದ ಮುಂದೆ ಸೊಸೆಯ ಜೊತೆಗಾರ. ಎಲ್ಲರೂ ಅವನನ್ನು ಕರೆಯುವುದು ಗಡಿಬಿಡಿ ಎಂದೇ.

"ಎರಡು ಬಟ್ಟಲತ್ತೆ," ಎಂದಳು ಸೊಸೆ. "ಎರಡರಲ್ಲೂ ಹಸಿರು, ಕೆಂಪು ಎರಡೂ ಹೊಳೆಯೋ ಜೀವಕೋಶ. ಎದುರು ಸಾಲು ತಯಾರಾಗೋದು ಎರಡನೇದ್ರಲ್ಲಿ ಮಾತ್ರ. ಅದು ಕಚ್ಚೋದು ಹಸಿರಿನ ಸುದ್ದೀನ ಮಾತ್ರ. ಅಲ್ಲಿ ಹಸಿರು ಆರಬೇಕು, ಕೆಂಪು ಉಳೀಬೇಕು. ಕೆಂಪೂ ಹೋದ್ರೆ ಸತ್ತವು ಅಂತ ಲೆಕ್ಕ."

ಗಡಿಬಿಡಿ ಎರಡನೇ ಬಟ್ಟಲನ್ನಿಟ್ಟ. ಟಿವಿಯಂಥ ತೆರೆ ಕಪ್ಪಗೆ ಕೂತಿತು.

"ಆರಿದೆ! ಹಸಿರು ಆರಿದೆ ಕಣ್ರೀ!" ಅವನು ಕುರ್ಚಿ ಬೀಳಿಸಿಕೊಂಡೇ ಎದ್ದ. ಸೊಸೆ ಅತ್ತೆಯನ್ನು ಬಾಚಿ ತಬ್ಬಿದಳು.

"ಕತ್ತಲಾಯ್ತು ಅಂತ ಕುಣಿಯೋರನ್ನ ಇವತ್ತೇ ಕಂಡೆ ನಾನು," ಎಂದು ನಕ್ಕರು ಅತ್ತೆ.

"ತಾಳಿ, ಕೆಂಪು ನೋಡೋಣ," ಎಂದಳು ಸೊಸೆ.

ಕೆಂಪೂ ಇಲ್ಲ. ಸೊಸೆಯ ಮುಖ ಬಿಳುಚಿತು. ಸೊಸೆ ತುಟಿ ಕಚ್ಚಿ ಮೊದಲನೇ ಬಟ್ಟಲನ್ನಿಟ್ಟಳು. ಹೊಳೆಯಲೇಬೇಕಾದ ಅದೂ ಕಪ್ಪು! ಅವಳು ಥಟ್ಟನೆ ತಿರುಗಿದಳು.

"ಏ ಗಡಿಬಿಡಿ, ಸೂಕ್ಷ್ಮದರ್ಶಕದ ದೀಪ ಹಾಕಿದ್ದೀಯೇನೋ? ಅದಿಲ್ದೆ ಯಾವ್ದೂ ಹೊಳೆಯಲ್ಲ!"

ಅವನು ನಾಲಿಗೆ ಕಚ್ಚಿಕೊಂಡು ಗುಂಡಿ ಒತ್ತಿದ.

ಮೊದಲ ಬಟ್ಟಲಲ್ಲಿ ಹಸಿರೂ ಕೆಂಪೂ ಧಗ್ಗನೆ ಹೊತ್ತಿಕೊಂಡವು. ಸೊಸೆ ಎರಡನೆಯದನ್ನಿಟ್ಟಳು. ಕೆಂಪು, ತೆರೆಯ ತುಂಬಾ ಮಣಿ ಚೆಲ್ಲಿದಂತೆ. ಹಸಿರಿಗೆ ತಿರುಗಿಸಿದಳು. ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ಟರೆ ಬರೀ ಕಪ್ಪು.

"ಬದುಕಿವೆ ಅತ್ತೆ! ಬಾಯಿ ಮುಚ್ಚಿಕೊಂಡು ಬದುಕಿವೆ!"

ಈ ಸಲ ಕುಣಿದವರು ಮೂರು ಜನ. ಏದುಸಿರು ಇಳಿದ ಮೇಲೆ ಅತ್ತೆ ಕಿಟಕಿಯ ಬಳಿ ಹೋಗಿ ಪರದೆಯ ಕೊಕ್ಕೆ ಕಳಚತೊಡಗಿದರು.

"ಅದ್ಯಾಕತ್ತೆ ಈಗ?"

"ಇನ್ನು ಈ ಕೋಣೆ ಬಿಡೋ ಮಾತಿಲ್ವಲ್ಲ. ಅಂಚಾದ್ರೂ ನೆಟ್ಟಗೆ ಹೊಲಿದು ತರ್ತೀನಿ."